ಆರ್‌ಎ ಇದ್ದವರು ಇಮ್ಯುನಿಟಿ ಹೆಚ್ಚಿಸ್ಕೊಂಡು ಮೆಥೋಟ್ರೆಕ್ಸೇಟ್ ಬಿಡಬಹುದಾ?

ರುಮಟಾಯ್ಡ್ ಆರ್ಥ್ರೈಟಿಸ್‌ಗೆ (ಆರ್‌ಎ, ಕೀಲು ಊದಿ ನೋಯೋ ಕಾಯಿಲೆ) ಮೆಥೋಟ್ರೆಕ್ಸೇಟ್ ಮಾತ್ರೆ ಕೊಟ್ಟಿದಾರೆ, ಅದು ಇಮ್ಯುನಿಟಿ ಕಡಿಮೆ ಮಾಡುತ್ತಂತೆ, ಬದ್ಲಿಗೆ ಕಷಾಯ, ಅಮೃತಬಳ್ಳಿ ತಗೊಳ್ಳಲಾ ಅಂತ ಕೇಳಿದೀರ. ಅಯ್ಯೋ, 2020ರಲ್ಲಿ ನಾನು ಮಾಡಿದ್ದು ಇದನ್ನೇ.

ಮನೇಲೇ ಬ್ಲೌಸ್ ಹೊಲಿಯೋಳು ನಾನು. 2018ರಲ್ಲಿ ಶುರುವಾಯ್ತು, ಬೆಳಗ್ಗೆ ಎದ್ರೆ ಒಂದೂವರೆ ಗಂಟೆ ಬೆರಳು ಮಡಚಕ್ಕಾಗ್ತಿರಲಿಲ್ಲ, ಕಾಫಿ ಲೋಟನ ಎರಡು ಅಂಗೈ ಮಧ್ಯೆ ಒತ್ತಿ ಹಿಡ್ಕೊಂಡು ಕುಡೀತಿದ್ದೆ, ಕತ್ತರಿ ಹಿಡಿಯೊಳಗೆ ಹೆಬ್ಬೆರಳೇ ತೂರ್ತಿರಲಿಲ್ಲ. ಈ ಕಾಯಿಲೆ ಪತ್ತೆಗೆ ಮಾಡೋ ರಕ್ತ ಪರೀಕ್ಷೆ, ಆಂಟಿ-ಸಿಸಿಪಿ, ಪಾಸಿಟಿವ್ ಬಂತು. ಭಾನುವಾರ ಭಾನುವಾರ ಮೆಥೋಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್. ಮೂರು ತಿಂಗಳಿಗೆ ಮತ್ತೆ ಕತ್ತರಿ ಹಿಡಿದೆ.

ಆಮೇಲೆ ಕೊರೊನಾ ಬಂತಲ್ಲ, ವಾಟ್ಸಾಪ್ ತುಂಬಾ ಇಮ್ಯುನಿಟಿ ಇಮ್ಯುನಿಟಿ. ನಾನು ಒಂದೇ ಸಲಕ್ಕೆ ಬಿಡಲಿಲ್ಲ, ಅದೇ ನೋಡಿ ಎಡವಟ್ಟು. ಒಂದು ಭಾನುವಾರ ನೆಗಡಿ ಅಂತ ಬಿಟ್ಟೆ, ಏನೂ ಆಗ್ಲಿಲ್ಲ. ಮುಂದಿನ ವಾರಾನೂ ಬಿಟ್ಟೆ, ಆಗ್ಲೂ ಏನೂ ಆಗ್ಲಿಲ್ಲ. ಹಾಗಾದ್ರೆ ಬೇಕಾಗೇ ಇರಲಿಲ್ಲ ಅನ್ಕೊಂಡೆ. ಆದ್ರೆ ಆ ಮಾತ್ರೆ ಕೆಲ್ಸ ಮಾಡಕ್ಕೆ ವಾರಗಟ್ಟಲೆ ತಗೊಳ್ಳೋ ಹಾಗೇ ಅದರ ಪ್ರಭಾವ ಇಳಿಯಕ್ಕೂ ವಾರಗಟ್ಟಲೆ ಹಿಡಿಯುತ್ತೆ, ಆ ಮಧ್ಯದ ಸುಮ್ನಿರೋ ಕಾಲಾನ ನಾನು ವಾಸಿ ಅನ್ಕೊಂಡಿದ್ದು. ಎರಡು ತಿಂಗಳಾದ್ಮೇಲೆ ಕೈ ಬಿಗಿಯಕ್ಕೆ ಶುರುವಾಯ್ತು, ಆಗ್ಲಾದ್ರೂ ಡಾಕ್ಟರಿಗೆ ಫೋನ್ ಮಾಡ್ಬೇಕಿತ್ತು, ಮಾಡ್ಲಿಲ್ಲ, ಬೈತಾರೆ ಅಂತ ಭಯ. ಹಳೇ ಚೀಟಿ ತೋರ್ಸಿ ಮೆಡಿಕಲ್‌ನಲ್ಲಿ ಪ್ರೆಡ್ನಿಸೋಲೋನ್ ಅನ್ನೋ ಸ್ಟಿರಾಯ್ಡ್ ತರಿಸ್ಕೊಂಡು ದಿನಾ ನುಂಗಿದೆ. ನೋವು ಮಾಯ, ಮುಖ ದುಂಡಗಾಯ್ತು, ಅಕ್ಕಪಕ್ಕದವರು ಮೈಕೈ ತುಂಬ್ಕೊಂಡಿದೀಯ ಕಣೇ, ಯಾವ ಕಷಾಯ ಅಂತ ಕೇಳೋರು, ನಾನೂ ಹೆಮ್ಮೆಯಿಂದ ಹೇಳ್ತಿದ್ದೆ!

ಹತ್ತು ತಿಂಗಳಾದ್ಮೇಲೆ ಎಕ್ಸ್‌ರೇ ತೆಗೆಸಿದ್ರೆ ಬಲಗೈ ಮಣಿಕಟ್ಟಿನ ಮೂಳೆ ಅಂಚು ಇಲಿ ಕಡಿದ ಬಿಸ್ಕತ್ ಥರ ಇತ್ತು.

ಡಾಕ್ಟರ್ ಬೈಲಿಲ್ಲ, ಚೀಟಿ ಹಿಂದೆ ಚಿತ್ರ ಬರೆದ್ರು. ಮೈಯಲ್ಲಿ ಕೆಲವು ಪ್ರೋಟೀನ್‌ಗಳಲ್ಲಿ ಅರ್ಜಿನಿನ್ ಅನ್ನೋದು ಸಿಟ್ರುಲಿನ್ ಆಗಿ ಬದಲಾಗುತ್ತೆ (ಸಿಟ್ರುಲಿನ್ ಮೊದಲು ಸಿಕ್ಕಿದ್ದು ಕಲ್ಲಂಗಡಿಯಲ್ಲಂತೆ, ಹೆಸರೂ ಅದ್ರದ್ದೇ. ಹಾಗಂತ ಕಲ್ಲಂಗಡಿ ಬಿಡ್ಬೇಡಿ, ಸಂಬಂಧ ಇಲ್ಲ). ನಮ್ಮಂಥವರ ಮೈ ಕಾಯೋ ಬಿಳಿ ರಕ್ತಕಣಗಳಲ್ಲಿ ಟಿ ಸೆಲ್‌ಗಳು ಅದನ್ನ ಹೊರಗಿನದ್ದು ಅನ್ಕೊಳ್ತವೆ, ಬಿ ಸೆಲ್‌ಗಳು ಅದ್ರ ವಿರುದ್ಧ ಆಂಟಿಬಾಡಿ ಮಾಡ್ತವೆ, ಆ ಆಂಟಿ-ಸಿಸಿಪಿ ಕೆಲವರಲ್ಲಿ ನೋವು ಬರೋಕೆ ಎಷ್ಟೋ ವರ್ಷ ಮೊದ್ಲೇ ರಕ್ತದಲ್ಲಿ ಇರುತ್ತೆ. ಆಮೇಲೆ ಇನ್ನೊಂದು ಥರದ ಕಾವಲು ಸೆಲ್ ಆದ ಮ್ಯಾಕ್ರೋಫೇಜ್‌ಗಳು ಕೀಲಿಗೆ ನುಗ್ಗಿ ಟಿಎನ್ಎಫ್, ಐಎಲ್-6 ಅನ್ನೋ ಉರಿಯೂತ ಎಬ್ಬಿಸೋ ಪ್ರೋಟೀನ್ ಸುರೀತವೆ. ಕೀಲಿನ ಒಳಪದರ ಒಂದೆರಡು ಸೆಲ್ ದಪ್ಪ ಇರ್ಬೇಕಾದ್ದು ಊದಿ ಗಡ್ಡೆ ಥರ ಬೆಳೆಯುತ್ತೆ, ಮ್ಯಾಕ್ರೋಫೇಜ್‌ಗಳ ವಂಶದವೇ ಮೂಳೆ ತಿನ್ನೋ ಆಸ್ಟಿಯೋಕ್ಲಾಸ್ಟ್ ಆಗ್ತವೆ. ನಾನು ಖರ್ಜೂರ ತಿಂದು ತಿಂದು ಹಿಮೋಗ್ಲೋಬಿನ್ ಏರದೇ ಇದ್ದಿದ್ದಕ್ಕೂ ಇದೇ ಐಎಲ್-6 ಕಾರಣ, ಅದು ಜಾಸ್ತಿ ಆದ್ರೆ ಕಬ್ಬಿಣ ಮೈಯಲ್ಲೇ ಇದ್ರೂ ರಕ್ತಕ್ಕೆ ಸಿಗಲ್ವಂತೆ.

ಅದಕ್ಕೇ ಇಮ್ಯುನಿಟಿ ಹೆಚ್ಚೋ ಕಡಿಮೆಯೋ ಅನ್ನೋ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಅದೇನು ಸಂಪಿನ ನೀರಾ, ಅಳೆದು ತುಂಬಿಸಕ್ಕೆ? ಬೇಲಿಯೇ ಎದ್ದು ಹೊಲ ಮೇಯ್ತಿದ್ರೆ ನಾನು ಬೇಲಿಗೆ ಗೊಬ್ಬರ ಹಾಕ್ತಾ ಕೂತಿದ್ದೆ. ಇನ್ಫೆಕ್ಷನ್ ಇಲ್ದಿದ್ರೆ ಮಾತ್ರೆ ನಿಲ್ಲಿಸ್ಬೇಡಿ ಅಂತ ಕೊರೊನಾ ಟೈಮಲ್ಲೇ ರುಮಟಾಲಜಿಸ್ಟ್‌ಗಳು ಹೇಳ್ತಾನೇ ಇದ್ರು, ಕೇಳ್ಬೇಕಲ್ಲ.

ಔಷಧಿಗೆ ಅಪಾಯ ಇಲ್ಲ ಅಂತಲ್ಲ. ನಂಗೀಗ ಟಿಎನ್ಎಫ್ ತಡೆಯೋ ಇಂಜೆಕ್ಷನ್ನೂ ಇದೆ, ಕೊಡೋ ಮುಂಚೆ ಟಿಬಿ ಟೆಸ್ಟ್ ಮಾಡಿಸಿದ್ರು, ಯಾಕಂದ್ರೆ ಒಳಗೆ ಮಲಗಿರೋ ಟಿಬಿನ ಕಟ್ಟಿಹಾಕಕ್ಕೆ ಅದೇ ಟಿಎನ್ಎಫ್ ಬೇಕು. ಮೆಥೋಟ್ರೆಕ್ಸೇಟ್‌ಗೆ ಲಿವರ್ ಟೆಸ್ಟ್, ಸಿಬಿಸಿ (ರಕ್ತಕಣಗಳ ಲೆಕ್ಕ) ತಪ್ಪಿಸ್ಬೇಡಿ. ಮಕ್ಕಳ ಪ್ಲಾನ್ ಇದ್ರೆ ತಿಂಗಳುಗಟ್ಟಲೆ ಮೊದ್ಲೇ ಡಾಕ್ಟರಿಗೆ ಹೇಳಿ, ಗರ್ಭಿಣಿಯರು ಅದನ್ನ ತಗೊಳ್ಳೋ ಹಾಗಿಲ್ಲ. ಕವರ್ ಮೇಲೆ ವಾರದ ಹೆಸರು ದೊಡ್ಡದಾಗಿ ಬರೆಸ್ಕೊಳ್ಳಿ, ವಾರದ ಮಾತ್ರೆ ದಿನಾ ನುಂಗಿ ಪ್ರಾಣಕ್ಕೆ ತಂದ್ಕೊಂಡವರಿದಾರೆ. ನನ್ನಂಗೆ ಸ್ಟಿರಾಯ್ಡ್ ನೀವೇ ಶುರು ಮಾಡ್ಬೇಡಿ, ತಗೊಳ್ತಿದ್ರೆ ನೀವೇ ದಿಢೀರಂತ ನಿಲ್ಲಿಸಲೂಬೇಡಿ.

ಈಗ ಹೊಲಿಗೆ ನಡೀತಿದೆ. ನಾನು ಚಾಕಲ್ಲಿ ಮಾರ್ಕ್ ಮಾಡಿ ಕೊಡ್ತೀನಿ, ಕತ್ತರಿಸೋದು ತಂಗಿ. ಕಂಕುಳ ಹತ್ರ ಯಾವಾಗ್ಲೂ ಕಾಲಿಂಚು ಜಾಸ್ತಿ ಬಿಡ್ತಾಳೆ.