ಟಿಬೆಟನ್ ನಿರಾಶ್ರಿತರ ಕ್ಯಾಂಪಿನಲ್ಲಿ ಹುಟ್ಟಿ ಕವಿತೆ ಬರೆಯಹೊರಟ ನೀವು ಕೇಳಿದ್ದೀರಿ: ಟಿಬೆಟ್ ನೋಡದವರು ಟಿಬೆಟ್ ಬಗ್ಗೆ ಕವಿತೆ ಬರೆದರೆ ಅದು ಸುಳ್ಳಾಗುತ್ತದೆಯೇ? ಬರೆಯುವ ಹಕ್ಕು ನನಗಿದೆಯೇ? ಯಾವ ಭಾಷೆಯಲ್ಲಿ ಬರೆಯಬೇಕು?

ನಾನೂ ಮೈಸೂರು ಜಿಲ್ಲೆಯ ಬೈಲಕುಪ್ಪೆ ಕ್ಯಾಂಪಿನಲ್ಲೇ ಹುಟ್ಟಿದವನು. ಕಾಲೇಜಿನ ದಿನಗಳಲ್ಲಿ ಬರೆದದ್ದೆಲ್ಲ ಹಿಮದ ಬೆಟ್ಟ, ಯಾಕ್, ಪೊಟಾಲ ಅರಮನೆ. ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ವಿವರ ಬೇಕಾದಾಗ ರಾತ್ರಿ ಊಟ ಮುಗಿಸಿ ಅಪ್ಪನ ಪಕ್ಕ ಕೂರುತ್ತಿದ್ದೆ. ನಿಮ್ಮೂರ ನದಿ ಎಷ್ಟು ಅಗಲ, ಹೊಸ ವರ್ಷದ ಲೋಸಾರ್ ಹಬ್ಬಕ್ಕೆ ಏನು ಮಾಡುತ್ತಿದ್ದಿರಿ, ಹೀಗೆ.

ಅಪ್ಪ ಊರು ಬಿಟ್ಟಾಗ ಚಿಕ್ಕ ಹುಡುಗ. ನೆನಪಿದ್ದಷ್ಟು ಹೇಳಿ, ಮಾತನ್ನು ಈಚೆಗೆ ತರುತ್ತಿದ್ದರು: 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ನಂತರ ಹಿಮಾಚಲದ ರಸ್ತೆ ಕೆಲಸ, ಅಲ್ಲಿಂದ ದಕ್ಷಿಣಕ್ಕೆ ರೈಲು, ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡು, ಬಿದಿರಿನ ಗುಡಿಸಲು, ರಾತ್ರಿ ಬರುವ ಆನೆ. ನಾನು ಅಲ್ಲಿಗೇ ತಡೆಯುತ್ತಿದ್ದೆ. "ಇದು ಬೇಡ ಅಪ್ಪಾ, ಟಿಬೆಟ್ಟಿನದು ಹೇಳಿ."

ಯಾಕೆ ತಡೆದೆ ಎಂದು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನೀವೂ ಅದೇ ದಾರಿಯಲ್ಲಿದ್ದೀರಿ ಅನ್ನಿಸುತ್ತಿದೆ. ಬೈಲಕುಪ್ಪೆ ಎಂದರೆ ತಾತ್ಕಾಲಿಕ, ನಾಳೆ ಬಿಟ್ಟು ಹೋಗುವ ಜಾಗ ಎಂದೇ ನಮ್ಮನ್ನು ಬೆಳೆಸಿದ್ದರು. ಬಿಟ್ಟು ಹೋಗುವ ಜಾಗದ ಮೇಲೆ ಕವಿತೆ ಯಾಕೆ? ಮುಸುಕಿನ ಜೋಳದ ಹೊಲ, ವರ್ಷ ವರ್ಷ ಆರ್‌ಸಿ (ನಿರಾಶ್ರಿತರ ನೋಂದಣಿ ಪತ್ರ) ನವೀಕರಣದ ಸಾಲು, ಚಳಿಗಾಲಕ್ಕೆ ಸ್ವೆಟರ್ ಮಾರಲು ಊರೂರು ಅಲೆಯುವ ಅಮ್ಮ, ಇವೆಲ್ಲ ಬದುಕು, ಕವಿತೆ ಅಲ್ಲ ಎಂದುಕೊಂಡಿದ್ದೆ. ಈಗ ಅಪ್ಪ ಇಲ್ಲ. ಅವರ ಜೊತೆ ಬಂದವರಲ್ಲಿ ಹೆಚ್ಚಿನವರೂ ಇಲ್ಲ. ಯಾವ ಮರ ಕಡಿದರು, ಸೆಕೆ ತಾಳದೆ ಸತ್ತವರನ್ನು ಎಲ್ಲಿ ಸುಟ್ಟರು, ಪಕ್ಕದ ಹಳ್ಳಿಯಲ್ಲಿ ಯಾವ ಭಾಷೆಯಲ್ಲಿ ಉಪ್ಪು ಕೇಳಿದರು, ನನಗೆ ಗೊತ್ತಿಲ್ಲ. ಟಿಬೆಟ್ಟಿನ ನದಿಯ ಅಗಲ ಪುಸ್ತಕದಲ್ಲಿ ಸಿಗುತ್ತದೆ. ಇದಕ್ಕೆ ಅಪ್ಪನೇ ಬೇಕಿತ್ತು.

ಹಾಗಾಗಿ "ಬರೆಯುವ ಹಕ್ಕು ನನಗಿದೆಯೇ" ಎಂಬ ನಿಮ್ಮ ಚಿಂತೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಕೈಯಲ್ಲಿ ಏನಿದೆ ಎಂದು ಮೊದಲು ನೋಡಿ. ಇಂಗ್ಲಿಷಿನಲ್ಲಿ ಬರೆಯುವ ಟಿಬೆಟನ್ ಕವಿ ತೆನ್‌ಜಿನ್ ತ್ಸುಂಡುಯೆ ರಸ್ತೆ ಕೂಲಿಗಳ ಮಗ, ಹುಟ್ಟಿದ್ದು ಭಾರತದಲ್ಲಿ. ಮುಂಬೈಯಲ್ಲಿ ಎಂ.ಎ. ಓದುವಾಗ ಸಹಪಾಠಿಗಳಿಂದ ಹಣ ಎತ್ತಿ ಮೊದಲ ಸಂಕಲನ ಅಚ್ಚು ಹಾಕಿಸಿದರು. 2005ರಲ್ಲಿ ಚೀನಾದ ಪ್ರಧಾನಿ ಬೆಂಗಳೂರಿಗೆ ಬಂದಾಗ ಭಾರತೀಯ ವಿಜ್ಞಾನ ಸಂಸ್ಥೆಯ ಗೋಪುರ ಹತ್ತಿ ಪ್ರತಿಭಟಿಸಿದವರೂ ಅವರೇ. ಅವರ ಕವಿತೆಯಲ್ಲಿ ಸೋರುವ ಹೆಂಚಿದೆ, ಪರಂಗಿ ಗಿಡವಿದೆ. ನಮ್ಮ ಹಿತ್ತಲಿನ ಪರಂಗಿಯನ್ನು ದಿನವೂ ನೋಡುತ್ತಿದ್ದೆ, ಬರೆಯಲು ಮಾತ್ರ ಹೊಳೆದಿರಲಿಲ್ಲ.

ಕ್ಯಾಂಪಿನಲ್ಲಿ ಉಳಿದಿರುವ ಅಜ್ಜ ಅಜ್ಜಿಯರ ಹತ್ತಿರ ಈ ವಾರವೇ ಹೋಗಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕವಿತೆ ಆಮೇಲೆ ಬರಲಿ. ಅವರು ಬೈಲಕುಪ್ಪೆಯ ಮಾತು ತೆಗೆದರೆ ದಯವಿಟ್ಟು ತಡೆಯಬೇಡಿ.

ಭಾಷೆಯ ವಿಷಯದಲ್ಲಿ ಇಷ್ಟು ಹಿಂಜರಿಕೆ ಬೇಡ. ಟಿಬೆಟ್ಟಿನಲ್ಲೇ ಇದ್ದ ಕವಿ ದೊಂಡುಪ್ ಗ್ಯಾಲ್ 1983ರಲ್ಲಿ ಟಿಬೆಟನ್ ಭಾಷೆಯಲ್ಲೇ ಮುಕ್ತಛಂದ ಬರೆದು ಹೊಸ ದಾರಿ ತೆರೆದರು. ಟಿಬೆಟ್ಟಿನ ರಾಜಧಾನಿ ಲಾಸಾದಲ್ಲಿ ಹುಟ್ಟಿದ ಕವಯಿತ್ರಿ ವೋಸರ್ ಚೀನೀ ಭಾಷೆಯಲ್ಲಿ ಓದಿದವರು, ಅದರಲ್ಲೇ ಬರೆಯುತ್ತಾರೆ. ಅವರ ಬರಹ ಟಿಬೆಟ್ಟಿನದಲ್ಲ ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ಕನ್ನಡವೋ ಇಂಗ್ಲಿಷೋ, ಬರೆದದ್ದನ್ನು ಹತ್ತು ಸಲ ತಿದ್ದುವಷ್ಟು ಹಿಡಿತ ಇರುವ ಭಾಷೆ ಆರಿಸಿಕೊಳ್ಳಿ. ಆದರೆ ಟಿಬೆಟನ್ ಕಲಿಕೆಯನ್ನು ಅರ್ಧಕ್ಕೆ ಬಿಟ್ಟಿದ್ದರೆ ಮುಗಿಸಿ. ಪೂರ್ವ ಟಿಬೆಟ್ಟಿನ ಖಾಂ ಕಡೆಯಿಂದ ಬಂದ ಹಿರಿಯರ ಮಾತು ನಾವು ಶಾಲೆಯಲ್ಲಿ ಕಲಿತದ್ದಕ್ಕಿಂತ ಬೇರೆ, ಗಮನ ಕೊಟ್ಟು ಕೇಳದಿದ್ದರೆ ಅರ್ಧ ತಪ್ಪಿಹೋಗುತ್ತದೆ.