ಬರ್ಲಿನ್ ಬೇಸಿಗೆ ಕೋರ್ಸಿಗೆ ಮಗಳನ್ನು ಕಳಿಸಬಹುದೇ?

ಅಕ್ಕಾ, ಇತಿಹಾಸ ಓದುವ ಮಗಳು ಬರ್ಲಿನ್‌ಗೆ ಹೋಗಿ ಆಧುನಿಕ ಇತಿಹಾಸ, ಪ್ರವಾಸೋದ್ಯಮ ಕಲಿತರೆ ಏನು ಪ್ರಯೋಜನ ಅಂತ ಕೇಳಿದ್ದೀರಿ. ಧೈರ್ಯವಾಗಿ ಕಳಿಸಿ.

ಅಲ್ಲಿನ ಬೆರ್ನಾವರ್ ಬೀದಿಯಲ್ಲಿ ನಗರವನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ ಬರ್ಲಿನ್ ಗೋಡೆ ಇದ್ದ ಜಾಗದುದ್ದಕ್ಕೂ ತುಕ್ಕು ಹಿಡಿದ ಸರಳುಗಳನ್ನು ನೆಟ್ಟಿದ್ದಾರೆ. ಗೋಡೆ ಎದ್ದ 1961ರಲ್ಲಿ ಒಂದು ಬದಿಯ ಮನೆಗಳು ಪೂರ್ವ ಬರ್ಲಿನ್‌ಗೆ, ಅವುಗಳ ಬಾಗಿಲೆದುರಿನ ಫುಟ್‌ಪಾತ್ ಪಶ್ಚಿಮಕ್ಕೆ ಸೇರಿತ್ತು. ಜನ ಕಿಟಕಿಯಿಂದ ಹಾರಿ ಪಾರಾದರು. ಎರಡು ಬದಿಗಳ ನಡುವಿನ ಗಡಿ ದಾಟುವ ಠಾಣೆಯಾಗಿದ್ದ ಚೆಕ್‌ಪಾಯಿಂಟ್ ಚಾರ್ಲಿಯಲ್ಲಿ ಈಗಿರುವ ಕಾವಲುಗೂಡು ಮೂಲದ್ದಲ್ಲ, ಪ್ರತಿಕೃತಿ. ಈ ಎರಡೂ ಕಡೆ ನಿಂತು ನೋಡಿದರೆ ಅರ್ಧ ಪಾಠ ಆದ ಹಾಗೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡದ ಹುಡುಗಿಗೆ ಗಡಿಯ ಕತೆ ಬೇಗ ಮನಸ್ಸಿಗೆ ತಾಗುತ್ತದೆ.

ಹೊರಡುವ ಮೊದಲು ನಿಮ್ಮ ಕಾಸರಗೋಡಿನ ಬೇಕಲ ಕೋಟೆಯಲ್ಲಿ ಒಂದು ದಿನ ಕೂತು, ಬಂದ ಪ್ರವಾಸಿಗರು ಏನು ಕೇಳುತ್ತಾರೆ ಅಂತ ಬರೆದುಕೊಳ್ಳಲಿ. ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊಗಳ ವೈದ್ಯಕೀಯ ವಿಮೆ ಬೇಕೇ ಬೇಕು.