ಹೊಳೆ ಕಾಣದ ಹೊಳೆದಂಡೆಯಲ್ಲಿ ಸೈಕಲ್

ಪ್ರಿಯ ಮೇಷ್ಟ್ರಿಗೆ ನಮಸ್ಕಾರ.

ಶ್ರೀರಂಗಪಟ್ಟಣದಿಂದ ತಲಕಾಡಿನವರೆಗೆ ಕಾವೇರಿಯ ಎಡದಂಡೆಯ ಹಳ್ಳಿ ರಸ್ತೆಗಳಲ್ಲಿ ಸೈಕಲ್ ತುಳಿಯುವ ಬಗ್ಗೆ ನಾವು ಹಾಕಿದ್ದ ಲೇಖನ ಓದಿ, ಜನವರಿಯಲ್ಲಿ ಇಬ್ಬರು ಗೆಳೆಯರನ್ನು ಕರೆದುಕೊಂಡು ಹೊರಟಿರಿ. ಬಂದ ಮೇಲೆ ಬರೆದ ಪತ್ರದಲ್ಲಿ ನಿಮ್ಮ ಅಸಮಾಧಾನವನ್ನು ಮುಚ್ಚಿಟ್ಟಿಲ್ಲ. ಉಳಿದ ಓದುಗರಿಗೂ ತಿಳಿಯಲೆಂದು ಅದರ ಮುಖ್ಯ ಮಾತುಗಳನ್ನು ಇಲ್ಲಿ ಕೊಡುತ್ತೇನೆ: "ದಾರಿಯುದ್ದಕ್ಕೂ ಕಬ್ಬು, ಗದ್ದೆ, ನಾಲೆ. ಹೊಳೆ ಕಂಡದ್ದು ಬೆರಳೆಣಿಕೆಯ ಕಡೆ. ಮಗನ ಮನೆಗೆ ಹೋಗಿದ್ದಾಗ ಪಸ್ಸೌದಿಂದ ವಿಯೆನ್ನಾಗೆ ಡಾನ್ಯೂಬ್ ಪಕ್ಕದಲ್ಲೇ ಸೈಕಲ್ ತುಳಿದಿದ್ದೇನೆ, ಅಲ್ಲಿ ನದಿ ಕಣ್ಣಿನಿಂದ ಮರೆಯಾಗುವುದೇ ಅಪರೂಪ. ನಮ್ಮಲ್ಲೂ ಅಂಥದೊಂದು ಕಾಂಕ್ರೀಟ್ ಪಥ ಬೇಕೆಂದು ನಿಮ್ಮ ಪತ್ರಿಕೆ ಯಾಕೆ ಒತ್ತಾಯಿಸಬಾರದು?" ಎದುರುಗಾಳಿ, ರಸ್ತೆಗೆ ಹರಡಿದ ಹುರುಳಿಯ ಬಗ್ಗೆಯೂ ದೂರಿದ್ದೀರಿ. ಕೊನೆಯಲ್ಲಿ ಎಂಟನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಹೋಗಬಹುದೇ ಎಂದು ಕೇಳಿದ್ದೀರಿ.

ಮೊದಲು ಡಾನ್ಯೂಬ್ ವಿಚಾರ. ಅಲ್ಲಿನ ಸೈಕಲ್ ದಾರಿಯ ಬಹುಭಾಗ ಹಳೆಯ ಕಾಲದಲ್ಲಿ ಕುದುರೆಗಳು ನಡೆದ ದಾರಿ. ಸರಕಿನ ದೋಣಿಗಳನ್ನು ಹೊಳೆಯ ಮೇಲ್ಮುಖಕ್ಕೆ ಹಗ್ಗ ಕಟ್ಟಿ ಎಳೆಯಬೇಕಿತ್ತು, ಎಳೆಯುವ ಕುದುರೆಗೆ ನೀರಿನ ಅಂಚಿನಲ್ಲೇ ಕಾಲಿಡಲು ಜಾಗ ಬೇಕಿತ್ತು. ಉಗಿಹಡಗು, ರೈಲು ಬಂದ ಮೇಲೆ ಕುದುರೆಗಳು ಹೋದವು, ದಾರಿ ಉಳಿಯಿತು. ಕಾವೇರಿಯ ಈ ಭಾಗದಲ್ಲಿ ಹಾಗೆ ಸರಕು ಸಾಗಿಸುವುದು ಸಾಧ್ಯವೇ ಇರಲಿಲ್ಲ. ಹಾಸುಬಂಡೆಯ ಪಾತ್ರ, ನಡುನಡುವೆ ಅಡ್ಡಗಟ್ಟೆಗಳು, ಬೇಸಿಗೆಯಲ್ಲಿ ಮೊಣಕಾಲುದ್ದದ ನೀರು. ನಮ್ಮ ಜನ ಹೊಳೆಯುದ್ದಕ್ಕೂ ಹೋದವರಲ್ಲ, ಹರಿಗೋಲು ಹಾಕಿ ಹೊಳೆ ದಾಟಿದವರು. ಆದ್ದರಿಂದಲೇ ಇಲ್ಲಿನ ದಾರಿಗಳು ಊರಿನಿಂದ ಇಳಿದು ನೇರವಾಗಿ ಹೊಳೆಗೆ ಮುಟ್ಟುತ್ತವೆ. ಪ್ರವಾಹಕ್ಕೆ ಹೆದರಿ ಊರುಗಳು ದಿಣ್ಣೆ ಹಿಡಿದು ಕೂತಿವೆ, ಊರಿಂದೂರಿಗೆ ಹೋಗುವ ರಸ್ತೆಯೂ ಅಲ್ಲೇ ಮೇಲೆ ಸಾಗುತ್ತದೆ. ಅದನ್ನು ಬಿಟ್ಟು ಇಳಿಯದೆ ಹೊಳೆ ಸಿಗುವುದಿಲ್ಲ. ಯಾವ ಊರಿನಲ್ಲಾದರೂ ಸರಿ, "ಹೊಳೆಗೆ ದಾರಿ ಯಾವುದಪ್ಪಾ?" ಎಂದು ಕೇಳಿ. ಗದ್ದೆಗಳ ನಡುವೆ ಇಳಿದು ಹೋದರೆ ಬಟ್ಟೆ ಒಗೆಯುವ ಕಲ್ಲು, ಒಂದು ಗುಡಿ, ಅಲ್ಲೇ ನೀರು.

ಆದರೆ ನನಗೆ ನಿಜವಾಗಿ ಹೇಳಬೇಕಾದ ಮಾತು ಬೇರೆ ಇದೆ. ನೀವು ಹೊಳೆ ಕಾಣಲಿಲ್ಲ ಎಂದು ಬರೆದ ಉದ್ದಕ್ಕೂ ಹೊಳೆ ನಿಮ್ಮ ಜೊತೆಗೇ ಇತ್ತು. ಶ್ರೀರಂಗಪಟ್ಟಣದ ಸುತ್ತಮುತ್ತ ಕಾವೇರಿ ತನ್ನ ಪಾತ್ರದೊಳಗೆ ಮಾತ್ರ ಹರಿಯುವುದನ್ನು ಬಿಟ್ಟು ನೂರಾರು ವರ್ಷ ಆಯಿತು. ರಂಗನತಿಟ್ಟಿನ ನಡುಗಡ್ಡೆಗಳು ಮೂಡಿದ್ದೇ 1645–48ರ ಹೊತ್ತಿಗೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಳೆಗೆ ಹಾಕಿದ ಒಡ್ಡಿನಿಂದ. ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆಯನ್ನು ಇಂದಿಗೂ ರೈತರು 'ಸಿಡಿಎಸ್ ನಾಲೆ' ಎಂದೇ ಕರೆಯುತ್ತಾರೆ. ಬಲದಂಡೆಗೆ ವಿರಿಜಾ ನಾಲೆ. ಆಮೇಲೆ ಕನ್ನಂಬಾಡಿ ಕಟ್ಟೆ, ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆ. ತಲಕಾಡಿಗೆ ಸ್ವಲ್ಪ ಮೇಲೆ ವಿಜಯನಗರದ ಕಾಲದ ಮಾಧವಮಂತ್ರಿ ಕಟ್ಟೆ. ಇವೆಲ್ಲದರ ಉಪನಾಲೆ, ತೂಬು, ಕಾಲುವೆಗಳಲ್ಲಿ ಹಂಚಿಕೊಂಡು ಹೋಗುವುದೆಲ್ಲ ಕಾವೇರಿಯೇ. ನಿಮ್ಮ ಸೈಕಲ್ಲಿನ ಪಕ್ಕದ ಭತ್ತದ ಬುಡದಲ್ಲಿ ನಿಂತಿದ್ದದ್ದೂ ಅದೇ ನೀರು.

ಇನ್ನೊಂದನ್ನು ಗಮನಿಸಿ. ನಾಲೆ ತೋಡುವವರು ಎಷ್ಟು ಕಡಿಮೆ ಇಳಿಜಾರು ಕೊಟ್ಟರೆ ನೀರು ನಿಲ್ಲದೆ ಹರಿಯುತ್ತದೆ ಎಂದು ಲೆಕ್ಕ ಹಾಕಿ ತೋಡುತ್ತಾರೆ. ನೆಲದ ಏರುತಗ್ಗನ್ನು ಬಳಸಿಕೊಂಡು ಅದು ಸುತ್ತಿ ಸುತ್ತಿ ಹೋಗುತ್ತದೆ. ಅದರ ಏರಿಯ ಮೇಲಿನ ದಾರಿಯೂ ಹಾಗೆಯೇ, ಹತ್ತಿದ್ದೂ ಗೊತ್ತಾಗದು, ಇಳಿದದ್ದೂ ಗೊತ್ತಾಗದು. ಅರವತ್ತು ದಾಟಿದ ನೀವು ಮೂವರು ಸುಮಾರು 60 ಕಿಲೋಮೀಟರ್ ತುಳಿದೂ ಮೊಣಕಾಲು ನೋವಿನ ಮಾತೆತ್ತದೆ ಪತ್ರ ಬರೆದಿದ್ದೀರಿ. ಅದರಲ್ಲಿ ನಾಲೆ ತೋಡಿದವರ ಪಾಲು ದೊಡ್ಡದು. ಎಡದಂಡೆಯ ಏರಿಯ ಮೇಲೆ ಹೊಳೆ ಹರಿಯುವ ದಿಕ್ಕಿಗೆ ಹೊರಟರೆ ಬಲಗಡೆ ಕೆಳಗೆ ಗದ್ದೆ, ಕಬ್ಬು. ಎಡಗಡೆ ಮೇಲೆ ರಾಗಿ, ಹುರುಳಿಯ ಹೊಲ. ಒಂದೇ ಏರಿ ಎರಡು ಬೇಸಾಯವನ್ನು, ಎಷ್ಟೋ ಕಡೆ ಎರಡು ಬಗೆಯ ಬದುಕನ್ನೂ ಬೇರೆ ಮಾಡಿದೆ. ನೀರು ಈ ಸಲ ಯಾರ ತೂಬಿಗೆ ಎಂದು ತಿಳಿದಿರುವ ನೀರುಗಂಟಿ ಸಿಕ್ಕರೆ ಸೈಕಲ್ ನಿಲ್ಲಿಸಿ ಮಾತಾಡಿಸಿ. ಬೇಸಿಗೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುವಾಗ ಆ ಮನುಷ್ಯನ ಮೇಲೆ ಬೀಳುವ ಒತ್ತಡ ಎಷ್ಟೆಂದು ಆಗ ತಿಳಿಯುತ್ತದೆ.

ಗಾಳಿಯ ವಿಷಯಕ್ಕೆ ಬರೋಣ. ಜನವರಿಯಲ್ಲಿ ಇಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ, ನೀವು ಹೋದದ್ದು ಮೂಡಣಕ್ಕೆ. ಜುಲೈ–ಆಗಸ್ಟಿನಲ್ಲಿ ಇದು ತಿರುಗುಮುರುಗಾಗುತ್ತದೆ. ನೈಋತ್ಯ ಮಾರುತ ಬೆನ್ನಿಗಿದ್ದರೆ ಬನ್ನೂರಿನಿಂದ ಮುಂದಕ್ಕೆ ಪೆಡಲ್ ಮೇಲೆ ಕಾಲಿಟ್ಟರೆ ಸಾಕು ಅನ್ನಿಸುತ್ತದೆ. ತಲಕಾಡನ್ನು ಮರಳಿನಲ್ಲಿ ಹೂತದ್ದೂ ಇದೇ ಗಾಳಿ. ಹೊಳೆ ಬಳಸಿ ತಿರುಗುವ ಜಾಗದಲ್ಲಿ ಬಯಲಾದ ಮರಳನ್ನು ಅದು ವರ್ಷವರ್ಷವೂ ದಂಡೆಗೆ ತಂದು ಸುರಿಯಿತು. ಮಾಧವಮಂತ್ರಿ ಕಟ್ಟೆ ಬಂದ ಮೇಲೆ ನೀರು ತಗ್ಗಿ ಮರಳು ಹೆಚ್ಚು ತೆರೆದುಕೊಂಡಿತು ಎಂದು ಭೂವಿಜ್ಞಾನಿಗಳಲ್ಲಿ ಕೆಲವರ ಅಭಿಪ್ರಾಯ. ಜನ ಅಲಮೇಲಮ್ಮನ ಶಾಪ ಎನ್ನುತ್ತಾರೆ. ಪಾತಾಳೇಶ್ವರನ ಗುಡಿಗೆ ಮೆಟ್ಟಿಲಿಳಿದು ಹೋಗುವಾಗ ಅಷ್ಟು ಹೊತ್ತು ನಿಮ್ಮ ಬೆನ್ನು ತಳ್ಳಿದ್ದು ಯಾವುದೆಂದು ನೆನಪಾದರೆ ಆ ಗುಡಿ ಬೇರೆಯೇ ಆಗಿ ಕಾಣುತ್ತದೆ. ಮುಂಜಾನೆ ಗಾಳಿ ಇನ್ನೂ ಏಳುವ ಮುಂಚೆ ವಾಪಸು ಹೊರಡಬೇಕು ಎನ್ನುವುದೊಂದೇ ಕಷ್ಟ. ಹಾಗಾಗಿ ಒಂದು ರಾತ್ರಿ ತಲಕಾಡಿನಲ್ಲೋ ತಿರುಮಕೂಡಲಿನಲ್ಲೋ ಉಳಿಯಿರಿ.

ರಸ್ತೆಯ ಮೇಲಿನ ಹುರುಳಿಯ ಬಗ್ಗೆ ನಿಮ್ಮ ಕೋಪ ನ್ಯಾಯವಾದದ್ದೇ. ನಿಮ್ಮ ಗೆಳೆಯರ ಹಿಂದಿನ ಗೇರಿಗೆ ಬಳ್ಳಿ ಸುತ್ತಿಕೊಂಡು ಚೈನು ಕಿತ್ತುಬಂದದ್ದನ್ನು ಓದಿ ನನಗೂ ಬೇಸರವಾಯಿತು. ಆದರೆ ಆ ರೈತನ ಕಡೆಯಿಂದಲೂ ನೋಡಿ. ಎತ್ತು, ತೆನೆ ಒಕ್ಕುವ ಕಲ್ಲಿನ ಗುಂಡು, ಸಗಣಿ ಸಾರಿಸಿದ ಕಣ ಎಲ್ಲವೂ ಮನೆಯಲ್ಲಿದ್ದ ಕಾಲ ಮುಗಿದಿದೆ. ಕಣ ಮಾಡಲು ಆಳಿಲ್ಲ, ಎತ್ತು ಸಾಕಲು ಮೇವಿಲ್ಲ. ಓಡಾಡುವ ವಾಹನದ ಗಾಲಿಯೇ ಈಗ ಒಕ್ಕಣೆಯ ಗುಂಡು. ಊರಿಗೊಂದು ಗಟ್ಟಿ ಸಿಮೆಂಟಿನ ಕಣ ಕಟ್ಟಿಕೊಡದೆ ಅವನನ್ನು ಬೈಯುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿಯವರೆಗೆ ಸೈಕಲ್ ಸವಾರರು ಇಳಿದು ತಳ್ಳಿಕೊಂಡು ಹೋಗುವುದೇ ಸರಿ. ಹುರುಳಿಯ ಸೊಪ್ಪೆಯ ಮೇಲೆ ತೆಳು ಟೈರು ಜಾರಿದರೆ ಮೂಳೆ ಮುರಿಯುತ್ತದೆ. ಬನ್ನೂರು ಕುರಿಗಳ ಮಂದೆ ಎದುರಾದಾಗಲೂ ಇಳಿಯಿರಿ, ಕುರಿಗಾಹಿ ದಾರಿ ಬಿಡಿಸಿಯೇ ಬಿಡಿಸುತ್ತಾನೆ.

ಕಾಂಕ್ರೀಟ್ ಪಥಕ್ಕೆ ನಮ್ಮ ಪತ್ರಿಕೆ ಒತ್ತಾಯಿಸುವುದಿಲ್ಲ, ಮೇಷ್ಟ್ರೇ. ಹೊಳೆಯ ಅಂಚಿನಲ್ಲಿ ಉಳಿದಿರುವ ಹೊಳೆಮತ್ತಿ, ಬಿದಿರು, ನೀರುನಾಯಿಗಳ ಗೂಡುಗಳನ್ನು ಅಗೆದು ಸೈಕಲ್ಲಿಗೆ ದಾರಿ ಮಾಡುವುದಾದರೆ ಅಂಥ ದಾರಿ ಬೇಡ. ನಾವು ಕೇಳಬೇಕಾದದ್ದು ನಾಲೆ ಏರಿಗೆ ತಡೆಗೋಡೆ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಉರುಳಿ 30 ಜನ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅಷ್ಟಾದ ಮೇಲೂ ಎಷ್ಟೋ ಏರಿಗಳ ಅಂಚು ಬರಿದಾಗಿಯೇ ಇದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರು, ಸೈಕಲ್ಲುಗಳಿಗೆ ಪ್ರವೇಶವಿಲ್ಲ. ನಿಧಾನದ ವಾಹನಗಳಿಗೆ ಉಳಿದದ್ದು ಸರ್ವೀಸ್ ರಸ್ತೆ, ಇಂಥ ಹಳ್ಳಿ ರಸ್ತೆ. ಇವನ್ನೂ ಅಗಲ ಮಾಡಿ, ಸಾಲುಮರ ಕಡಿದು, ಕಾರುಗಳ ವೇಗಕ್ಕೆ ಕೊಟ್ಟರೆ ಸೈಕಲ್ಲಿನವರು ಎಲ್ಲಿಗೆ ಹೋಗಬೇಕು?

ಸೈಕಲ್ಲಿನವರು ಎನ್ನುವಾಗ ನನ್ನ ಮನಸ್ಸಿನಲ್ಲಿ ಮೊದಲು ಬರುವುದು ನೀವೂ ಅಲ್ಲ, ನಾನೂ ಅಲ್ಲ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ ನೀವು ಹೈಸ್ಕೂಲಿನಲ್ಲಿದ್ದಿರಿ, ನಿಮ್ಮ ಕೈಯಿಂದಲೇ ಎಷ್ಟೋ ಹುಡುಗಿಯರು ಸೈಕಲ್ ಪಡೆದರು ಎಂದು ಬರೆದಿದ್ದೀರಿ. ಊರಿನಲ್ಲಿ ಹೈಸ್ಕೂಲಿಲ್ಲದೆ ಓದು ನಿಲ್ಲಬೇಕಿದ್ದ ಮಕ್ಕಳು ಇದೇ ಏರಿಗಳ ಮೇಲೆ ಸ್ಕೂಲಿಗೆ ಹೋದರು. ರಸ್ತೆ ಆ ಮಕ್ಕಳಿಗೆ ಸುರಕ್ಷಿತವಾದರೆ ಭಾನುವಾರ ಬರುವ ನಮಗೂ ಸುರಕ್ಷಿತ.

ಮೊಮ್ಮಗಳನ್ನು ಖಂಡಿತ ಕರೆದುಕೊಂಡು ಹೋಗಿ. ಆದರೆ ಮೊದಲ ಸಲಕ್ಕೆ ಪೂರ್ತಿ ದಾರಿ ಬೇಡ. ಬನ್ನೂರಿನವರೆಗೆ ಕಾರಿನಲ್ಲಿ ಸೈಕಲ್ ಸಾಗಿಸಿ, ಅಲ್ಲಿಂದ ಸೋಮನಾಥಪುರಕ್ಕೆ ಹತ್ತು ಕಿಲೋಮೀಟರಿನೊಳಗೇ ದಾರಿ. 1258ರ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಹೊರಗೋಡೆಯ ಕೆಳಗಿನ ಆನೆಯ ಸಾಲನ್ನು ಅವಳಿಗೆ ನಿಧಾನವಾಗಿ ನೋಡಲು ಬಿಡಿ. ದಮ್ಮಿದ್ದರೆ ಸೋಸಲೆಗೆ ಮುಂದುವರಿದು, ಸೇತುವೆ ದಾಟಿ, ಕಪಿಲೆ ಕಾವೇರಿಯನ್ನು ಕೂಡುವುದನ್ನು ತಿರುಮಕೂಡಲಿನ ಮೆಟ್ಟಿಲ ಮೇಲೆ ಕೂತು ತೋರಿಸಿ. ಕಬ್ಬಿನ ಕಟಾವಿನ ಕಾಲವಾದರೆ ಮಧ್ಯಾಹ್ನದೊಳಗೆ ಮುಗಿಸಿಬಿಡಿ. ಎರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದಿನ ಟ್ರೈಲರು ತಿರುವಿನಲ್ಲಿ ಒಳಕ್ಕೆ ಎಳೆಯುತ್ತದೆ, ಅದರ ಪಕ್ಕಕ್ಕೆ ಎಂದೂ ನುಗ್ಗಬಾರದೆಂದು ಹೊರಡುವ ಮುಂಚೆಯೇ ಹೇಳಿಕೊಡಿ.

ಇನ್ನೊಂದು ಸಣ್ಣ ಸಂಗತಿ. ನಿಮ್ಮ ಹೊಸ ಸೈಕಲ್ಲಿನ ಟ್ಯೂಬಿಗೆ ತೆಳು ಮೂತಿಯ ವಾಲ್ವ್ ಇದೆ ಎಂದು ಬರೆದಿದ್ದೀರಿ. ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ಅದಕ್ಕೆ ಕೂರುವುದಿಲ್ಲ. ಮೂತಿಗೆ ತಿರುಗಿಸಿ ಕೂರಿಸುವ ಹಿತ್ತಾಳೆಯ ಚಿಕ್ಕ ಅಡಾಪ್ಟರ್ ಮೈಸೂರಿನ ಸೈಕಲ್ ಅಂಗಡಿಯಲ್ಲಿ ಕೇಳಿ, ಎರಡು ಕೊಂಡಿಟ್ಟುಕೊಳ್ಳಿ. ಜಾಲಿಮುಳ್ಳು ಆ ದಾರಿಯಲ್ಲಿ ಬೇಕಾದಷ್ಟಿದೆ.

ಆಗಸ್ಟಿನಲ್ಲಿ ನಾಲೆಗೆ ನೀರು ಬಿಟ್ಟ ಮೇಲೆ, ನಾಟಿ ನಡೆಯುವಾಗ ಇನ್ನೊಮ್ಮೆ ಹೋಗಿಬನ್ನಿ. ಆ ಸಲದ ಪತ್ರವನ್ನು ಮೊಮ್ಮಗಳೇ ಬರೆಯಲಿ, ಅದಕ್ಕೆ ಪುಟ ಕಾದಿರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ